ಘಾಟಿ ಇಳಿಯುವ ಲಾರಿಗೆ ಕೈಯಳತೆಯಲ್ಲಿ ಗೇರಿನ ಸ್ವಿಚ್ಚು



ಸಿದ್ದಾಪುರವೆಂದರೆ ನಮ್ಮಲ್ಲಿ ಕೆಲವರಿಗೆ ಕೊಡಗಿನ ಕಾಫಿ ಊರು, ಇನ್ನು ಕೆಲವರಿಗೆ ಉತ್ತರ ಕನ್ನಡದ ಅಡಿಕೆ ಊರು ನೆನಪಾಗುತ್ತದೆ. ನಾವು ಇಲ್ಲಿ ಹೇಳಹೊರಟಿರುವುದು ಇವೆರಡನ್ನೂ ಅಲ್ಲ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರವನ್ನು. ಬ್ರಹ್ಮಗಿರಿ, ಜಟಿಂಗ ರಾಮೇಶ್ವರಗಳ ಜೊತೆಗೆ ಅಶೋಕನ ಶಾಸನ ಇರುವ, 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಆ ಬಯಲುಸೀಮೆಯ ಊರು. ಆ ಊರಿಗೂ ನಮ್ಮ ತೋಟಗಳಿಗೂ ಏನು ಸಂಬಂಧ ಎಂದು ಕೇಳಬಹುದು. ಕುರಿಗೊಬ್ಬರದ ಸಂಬಂಧ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಕುರಿಹಟ್ಟಿಗಳಿಂದ ಲಾರಿಗಟ್ಟಲೆ ಗೊಬ್ಬರ ಮಲೆನಾಡಿನ ತೋಟಗಳಿಗೆ ಬರುವುದು, ಘಾಟಿ ಇಳಿದು ಕರಾವಳಿಯ ಅಡಿಕೆ ತೋಟಗಳಿಗೂ ಹೋಗುವುದು ನಮಗೆಲ್ಲ ಗೊತ್ತಿರುವ ವಿಷಯ. ಗೊಬ್ಬರ ಬಂದಿತೇ, ಪುಡಿಯಾಗಿದೆಯೇ, ಮಣ್ಣು ಬೆರೆಸಿದ್ದಾರೆಯೇ ಎಂದು ನೋಡುತ್ತೇವೆ. ತಂದ ಲಾರಿ ಘಾಟಿಯನ್ನು ಹೇಗೆ ಇಳಿಯಿತು ಎಂದು ಕೇಳುವುದು ಕಡಿಮೆ.

ಅಲ್ಲಿಂದ ಗೊಬ್ಬರ ತರುವ ಒಬ್ಬ ಲಾರಿ ಮಾಲೀಕರ ಅನುಭವವೇ ಈ ಪಾಠಕ್ಕೆ ಕಾರಣ. ಅವರದು 24 ವೋಲ್ಟಿನ, ಕ್ಲಚ್ ಪೆಡಲ್ ಇಲ್ಲದ, ಗೇರನ್ನು ಕಂಪ್ಯೂಟರ್ ಪೆಟ್ಟಿಗೆಯೇ ಬದಲಾಯಿಸುವ ಲಾರಿ. ಎರಡನೇ ಕೈಯಲ್ಲಿ ಕೊಂಡದ್ದು. ಸಮನಾದ ರಸ್ತೆಯಲ್ಲಿ ಸುಖ. ಶಿರಾಡಿ ಘಾಟಿಯಲ್ಲಿ ಗುಂಡ್ಯದ ಕಡೆಗೆ ಇಳಿಯುವಾಗ ಮಾತ್ರ ಒಂದು ತೊಡಕು. ವೇಗ ಏರಿದಂತೆ ಕಂಪ್ಯೂಟರ್ ತಾನಾಗಿ ಮೇಲಿನ ಗೇರಿಗೆ ಹೋಗಿಬಿಡುತ್ತಿತ್ತು. ಆಗ ಇಂಜಿನ್ನಿನ ಹಿಡಿತ ಸಡಿಲವಾಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತಿತ್ತು. ಕೈಗೇರಿಗೆ ಹಾಕಿಕೊಂಡು ಸನ್ನೆಯನ್ನು ಹಿಂದಕ್ಕೆ ತಟ್ಟಿ ಗೇರು ಇಳಿಸಲು ಅವಕಾಶವೇನೋ ಇತ್ತು. ಆದರೆ ಡ್ರೈವರ್ ಹೇಳಿದ್ದು: "ಸ್ವಾಮಿ, ತಿರುವಿನಾಗೆ ಎರಡು ಕೈಯೂ ಸ್ಟಿಯರಿಂಗ್ ಮೇಲೇ ಬೇಕು. ಗೇರಿಗೆ ಕೈ ಹಾಕಿದ್ರೆ ಲಾರಿ ಎಲ್ಲೋ ಹೋಗ್ತೈತೆ." ಒಮ್ಮೆ ಇಳಿದು ನಿಂತಾಗ ಹಿಂದಿನ ಚಕ್ರಗಳಿಂದ ಹೊಗೆ ಬರುತ್ತಿತ್ತಂತೆ. ಕ್ಲೀನರ್ ಹುಡುಗ ನೀರು ತರಲು ಓಡಿದ. ಕಾದ ಡ್ರಮ್ಮಿಗೆ ತಣ್ಣೀರು ಎರಚಬಾರದು, ಅದು ಸೀಳಬಹುದು ಎಂದು ಡ್ರೈವರ್ ತಡೆದದ್ದು ಒಳ್ಳೆಯದಾಯಿತು.

ಬ್ರೇಕಿಗೆ ಎಷ್ಟು ಶಾಖ ಹೋಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡೋಣ. 15 ಟನ್ ತೂಕದ ಲಾರಿ 700 ಮೀಟರ್ ಎತ್ತರದಿಂದ ಇಳಿದರೆ ಸುಮಾರು 10 ಕೋಟಿ ಜೌಲ್ ಶಕ್ತಿ ಹೊರಬೀಳಬೇಕು. 25 ಡಿಗ್ರಿಯ 320 ಲೀಟರಿಗೂ ಹೆಚ್ಚು ನೀರನ್ನು ಕುದಿಯುವ ಹಂತಕ್ಕೆ ತರಲು ಬೇಕಾದಷ್ಟು ಶಾಖ ಅದು. ಹಸಿ ಅಡಿಕೆ ಬೇಯಿಸುವ ನಮ್ಮ ದೊಡ್ಡ ಹಂಡೆಯನ್ನು ನೆನೆಸಿಕೊಂಡರೆ ಸಾಕು. ಆ ಶಾಖದ ಬಹುಪಾಲು ಬ್ರೇಕ್ ಲೈನಿಂಗಿಗೆ ಹೋದರೆ ಲೈನಿಂಗ್ ತನ್ನ ಹಿಡಿತ ಕಳೆದುಕೊಳ್ಳುತ್ತದೆ. ಪೆಡಲ್ ತುಳಿದರೂ ಲಾರಿ ನಿಲ್ಲುವುದಿಲ್ಲ. ಕೆಳಗಿನ ಗೇರಿನಲ್ಲಿದ್ದರೆ ಅದರಲ್ಲಿ ದೊಡ್ಡ ಪಾಲನ್ನು ಇಂಜಿನ್ನೇ ನುಂಗಿಕೊಳ್ಳುತ್ತದೆ. ಎಕ್ಸಾಸ್ಟ್ ಬ್ರೇಕ್ ಇದ್ದರೆ, ಅಂದರೆ ಹೊಗೆಕೊಳವೆಗೆ ಅಡ್ಡವಾಗಿ ಮುಚ್ಚಿಕೊಳ್ಳುವ ತಟ್ಟೆ ಇದ್ದರೆ, ಇನ್ನೂ ಹೆಚ್ಚು.

ಡೀಸೆಲ್ ಉಳಿಯುತ್ತದೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಅಭ್ಯಾಸ ಇನ್ನೂ ಹೋಗಿಲ್ಲ. ಗೇರಿನಲ್ಲಿಟ್ಟು ಎಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಜಿನ್ನಿಗೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿಯಾದರೋ ಇಂಜಿನ್ ನಿಲ್ಲದಂತೆ ಇರಿಸಲು ಡೀಸೆಲ್ ಖರ್ಚಾಗುತ್ತಲೇ ಇರುತ್ತದೆ. ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ. ಇಂಜಿನ್ ನಿಂತೇ ಹೋದರೆ ಗಾಳಿ ತುಂಬುವ ಕಂಪ್ರೆಸರ್ ನಿಲ್ಲುತ್ತದೆ, ಪವರ್ ಸ್ಟಿಯರಿಂಗ್ ಬಿಗಿಯಾಗುತ್ತದೆ.

ಇನ್ನು ಸ್ವಿಚ್ಚಿನ ವಿಷಯ. ಗೇರು ಕೈಯ ಬಳಿ ಇರಬೇಕೆಂಬುದು ಹೊಸ ಆಸೆಯೇನಲ್ಲ. ಅಂಬಾಸಿಡರ್, ಪದ್ಮಿನಿ ಕಾರುಗಳನ್ನು ಓಡಿಸಿದವರಿಗೆ ಸ್ಟಿಯರಿಂಗ್ ಕಂಬದ ಮೇಲಿನ ಗೇರು ಸನ್ನೆ ಚೆನ್ನಾಗಿ ಗೊತ್ತು. ಅಮೆರಿಕದ ಫೋರ್ಡ್ ಕಂಪನಿ 1958ರ ಎಡ್ಸೆಲ್ ಕಾರಿನಲ್ಲಿ ಸ್ಟಿಯರಿಂಗಿನ ನಟ್ಟನಡುವೆ, ಹಾರನ್ ಇರುವ ಜಾಗದಲ್ಲಿ, ಗೇರಿನ ಗುಂಡಿಗಳನ್ನು ಇಟ್ಟಿತ್ತು. ಹಾರನ್ ಒತ್ತಹೋದವರು ಗೇರು ಒತ್ತಿದರು. ಮರುವರ್ಷವೇ ಅದನ್ನು ಕೈಬಿಟ್ಟರು. ಸ್ವಿಚ್ಚನ್ನು ಎಲ್ಲಿಡಬೇಕು ಎಂಬುದು ಹೇಗೆ ಜೋಡಿಸಬೇಕು ಎಂಬುದಕ್ಕಿಂತ ಮೊದಲಿನ ಪ್ರಶ್ನೆ ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ಮಾಲೀಕರು ಮೊದಲ ಸಲ ಈ ಪ್ರಶ್ನೆಯನ್ನು ಕೇಳಿಕೊಳ್ಳಲಿಲ್ಲ. ದಾರಿಯಲ್ಲಿ ಸಿಕ್ಕ ಒಂದು ಗ್ಯಾರೇಜಿನಲ್ಲಿ ಮನೆಯ ಕರೆಗಂಟೆಗೆ ಹಾಕುವಂಥ ಎರಡು ಗುಂಡಿಗಳನ್ನು ಸ್ಟಿಯರಿಂಗ್ ಚಕ್ರಕ್ಕೇ ಅಂಟಿಸಿ, ತಂತಿಯನ್ನು ಕಂಬಕ್ಕೆ ಮೂರು ಸುತ್ತು ಸಡಿಲವಾಗಿ ಸುತ್ತಿಬಿಟ್ಟರು. ಹತ್ತು ದಿನ ನಡೆಯಿತು. ಲಾರಿಯ ಸ್ಟಿಯರಿಂಗ್ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹಲವು ಸುತ್ತು ತಿರುಗುತ್ತದೆ ಎಂಬುದನ್ನು ಮರೆಯಬಾರದು. ಪ್ರತಿ ತಿರುವಿನಲ್ಲೂ ತಂತಿ ಕಂಬಕ್ಕೆ ಉಜ್ಜಿ ಉಜ್ಜಿ ಮೇಲಿನ ಪ್ಲಾಸ್ಟಿಕ್ ಸವೆಯಿತು. ಚಳ್ಳಕೆರೆ ರಸ್ತೆಯ ಬಯಲಿನಲ್ಲಿ ಹೋಗುತ್ತಿರುವಾಗ ಒಳಗಿನ ತಾಮ್ರ ಕಂಬದ ಕಬ್ಬಿಣಕ್ಕೆ ತಾಗಿತು. ಕಂಪ್ಯೂಟರ್ ಪೆಟ್ಟಿಗೆಗೆ ಅದು 'ಗೇರು ಇಳಿಸು' ಎಂಬ ಆಜ್ಞೆಯಂತೆಯೇ ಕಂಡಿತು. ಯಾರೂ ಒತ್ತದೆ ಗೇರು ಇಳಿಯಿತು, ಇಂಜಿನ್ ಗರ್ಜಿಸಿತು, ಲಾರಿ ಮುಗ್ಗರಿಸಿತು. ಆಮೇಲೆ ಗುಂಡಿ ಸಿಕ್ಕಿಕೊಂಡಿದೆ ಎಂದು ತಿಳಿದ ಪೆಟ್ಟಿಗೆ ಎಚ್ಚರಿಕೆಯ ದೀಪ ಹಚ್ಚಿ, ಸನ್ನೆಯ ಮಾತನ್ನೂ ಕೇಳದಾಯಿತು. ಬಯಲಾದ್ದರಿಂದ ಬದಿಗೆ ನಿಲ್ಲಿಸಿದರು. ಒದ್ದೆಯಾದ ಘಾಟಿ ರಸ್ತೆಯ ತಿರುವಿನಲ್ಲಿ, ಹಿಂದೆ 15 ಟನ್ ತಳ್ಳುತ್ತಿರುವಾಗ ಹೀಗಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಓದುಗರ ಊಹೆಗೆ ಬಿಡುತ್ತೇವೆ.

ಎರಡನೆಯ ಸಲದ ಜೋಡಣೆಯನ್ನು ನಾವು ಪಕ್ಕದಲ್ಲಿ ಕುಳಿತು ನೋಡಿದೆವು. ಅದನ್ನೇ ವಿವರಿಸುತ್ತೇವೆ.

ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ ಸನ್ನೆಯ ಕೆಳಗಿನ ಸಾಕೆಟ್ಟನ್ನು ಬಿಡಿಸಿ ತಂತಿಗಳನ್ನು ಗುರುತಿಸಲಾಯಿತು. ಬಳಿಕ ಮತ್ತೆ ಜೋಡಿಸಿ, ಇಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿ, ಮಲ್ಟಿಮೀಟರಿನಿಂದ ಅಳೆದರು. ಈ ಅಳತೆಯಲ್ಲೇ ಎಲ್ಲವೂ ಇದೆ. ಸನ್ನೆ ಮುಟ್ಟದಿದ್ದಾಗ ಒಂದು ವೋಲ್ಟೇಜು ಇದ್ದು, ತಟ್ಟಿದಾಗ ಅದು ಸೊನ್ನೆಗೆ ಬಿದ್ದರೆ, ಸನ್ನೆಯು ಆ ತಂತಿಯನ್ನು ಅರ್ತ್‌ಗೆ ಸೇರಿಸುತ್ತಿದೆ ಎಂದು ಅರ್ಥ. ಅಂಥ ತಂತಿಗೆ ಸಮಾನಾಂತರವಾಗಿ ಇನ್ನೊಂದು ಗುಂಡಿಯನ್ನು ಸೇರಿಸಬಹುದು. ಸನ್ನೆಯೂ ಕೆಲಸ ಮಾಡುತ್ತದೆ, ಗುಂಡಿಯೂ ಕೆಲಸ ಮಾಡುತ್ತದೆ. ಸೊನ್ನೆಗೆ ಬೀಳದೆ ನಡುವಿನ ಯಾವುದೋ ಅಳತೆಗೆ ಬಂದು ನಿಂತರೆ ಒಳಗೆ ರೆಸಿಸ್ಟರ್ ಇದೆ. ಅಲ್ಲಿ ಬರೀ ಗುಂಡಿ ಹಾಕಿದರೆ ಪೆಟ್ಟಿಗೆ ಬೇರೆಯದೇ ಆಜ್ಞೆ ಎಂದು ತಿಳಿಯಬಹುದು. ಎರಡು ತಂತಿ ಜಡೆಯಂತೆ ಹೆಣೆದುಕೊಂಡು ಪೆಟ್ಟಿಗೆಗೆ ಹೋಗಿದ್ದರೆ ಅದು ಅಂಕಿಗಳ ಭಾಷೆಯಲ್ಲಿ ಮಾತಾಡುವ ಜಾಲ. ಅದನ್ನು ಕತ್ತರಿಸಲೇಬಾರದು. ಈ ಎರಡೂ ಸಂದರ್ಭಗಳಲ್ಲಿ ಕಂಪನಿಯ ಸರ್ವಿಸ್ ಕೇಂದ್ರದವರನ್ನೇ ಕೇಳತಕ್ಕದ್ದು. ಯಾವ ಕಾರಣಕ್ಕೂ ಪೆಟ್ಟಿಗೆಯ ಸಂಕೇತದ ತಂತಿಗೆ ಬ್ಯಾಟರಿಯಿಂದ ನೇರವಾಗಿ 24 ವೋಲ್ಟ್ ಕೊಡಬಾರದು. ಪೆಟ್ಟಿಗೆ ಸುಟ್ಟರೆ ಅದರ ಬೆಲೆಯಲ್ಲಿ ಎಷ್ಟು ಲೋಡು ಗೊಬ್ಬರ ಬರುತ್ತದೆಂದು ಮಾಲೀಕರೇ ಲೆಕ್ಕ ಹಾಕಿ ಹೇಳಿ ನಕ್ಕರು.

ಅದೃಷ್ಟಕ್ಕೆ ಇಲ್ಲಿ ಅಳತೆ ಸೊನ್ನೆಗೆ ಬಿದ್ದಿತು. ಗುಂಡಿ ಒತ್ತಿದಾಗ ಮಾತ್ರ ಕೂಡಿ, ಬಿಟ್ಟಾಗ ಬಿಡುವ ಜಾತಿಯದಾಗಿರಬೇಕು. ದೀಪದ ಸ್ವಿಚ್ಚಿನಂತೆ ಒತ್ತಿದಲ್ಲೇ ನಿಲ್ಲುವಂಥದ್ದು ಬೇಡ. ಕುರಿಗೊಬ್ಬರದ ಧೂಳು ಎಲ್ಲಿಗೂ ನುಗ್ಗುತ್ತದಾದ್ದರಿಂದ ರಬ್ಬರ್ ಟೊಪ್ಪಿಗೆ ಇರುವಂಥ ಗುಂಡಿಗಳನ್ನೇ ತಂದಿದ್ದರು.

ಜಾಗದ ವಿಷಯಕ್ಕೆ ಸ್ವಲ್ಪ ಚರ್ಚೆಯಾಯಿತು. ಚಕ್ರದ ಮೇಲೆಯೇ ಬೇಕೆಂದು ಡ್ರೈವರ್, ಬೇಡವೆಂದು ಮೆಕ್ಯಾನಿಕ್. ನಾವು ಮೆಕ್ಯಾನಿಕ್ ಪರ. ತಿರುಗುವ ಚಕ್ರಕ್ಕೆ ತಂತಿ ಒಯ್ಯಬೇಕಾದರೆ ಗಡಿಯಾರದ ಸ್ಪ್ರಿಂಗಿನಂತೆ ಸುರುಳಿಯಾಗಿ ಬಿಚ್ಚಿ ಮಡಚುವ ಪಟ್ಟಿ ಕೇಬಲ್ ಬೇಕು. ಅದನ್ನು ಸರಿಯಾಗಿ ನಡುವಿಗೆ ಇಟ್ಟು ಕೂರಿಸದಿದ್ದರೆ ಮೊದಲ ಪೂರ್ಣ ತಿರುವಿಗೇ ಹರಿಯುತ್ತದೆ. ಏರ್‌ಬ್ಯಾಗ್ ಇರುವ ಪಿಕಪ್ ಗಾಡಿಗಳಲ್ಲಿ ಅದೇ ಕೇಬಲ್ ಮೂಲಕ ಏರ್‌ಬ್ಯಾಗಿನ ತಂತಿಯೂ ಹೋಗಿರುತ್ತದೆ. ಅಲ್ಲಿ ಕೈ ಹಾಕುವುದು ಮೂರ್ಖತನ. ಇನ್ನೊಂದು ಮಾತು: ಚಕ್ರ ಅರ್ಧ ಸುತ್ತು ತಿರುಗಿದಾಗ ಬಲಗಡೆಯ ಗುಂಡಿ ಎಡಗಡೆಗೆ ಬಂದಿರುತ್ತದೆ, ಯಾವುದು ಏರಿಸುವುದು ಯಾವುದು ಇಳಿಸುವುದು ತಿಳಿಯದಾಗುತ್ತದೆ. ಕಂಬದ ಮೇಲಿನ ಮುಚ್ಚಳ ತಿರುಗುವುದಿಲ್ಲ. ಅದರ ಎಡಬದಿಯಲ್ಲಿ, ಚಕ್ರ ಹಿಡಿದ ಕೈಯ ಬೆರಳು ಚಾಚಿದರೆ ಸಿಗುವಲ್ಲಿ ಗುಂಡಿಗಳನ್ನು ಕೂರಿಸಿದರು. ಹೇಗೂ ಗೇರನ್ನು ತಿರುವಿಗೆ ಮೊದಲೇ, ಚಕ್ರ ನೇರವಾಗಿರುವಾಗ ಇಳಿಸಬೇಕಾದದ್ದು. ತಿರುವಿನ ನಡುವೆ ಅಲ್ಲ.

ತಂತಿ ಸಾಧಾರಣ ಮುಕ್ಕಾಲು ಚದರ ಮಿಲಿಮೀಟರಿನ, ಹಲವು ಎಳೆಗಳ ವಾಹನದ ತಂತಿ. ಅದರ ಮೇಲೆ ಕೊಳವೆ ತೊಡಿಸಿ, ಗೇಣಿಗೊಂದರಂತೆ ಪಟ್ಟಿ ಬಿಗಿದರು. ತಿರುಗುವ ದಂಡಕ್ಕೂ ಪೆಡಲುಗಳಿಗೂ ಎಲ್ಲಿಯೂ ತಾಗದಂತೆ ನೋಡಿಕೊಂಡರು. ಸನ್ನೆಯ ಹತ್ತಿರ ಒಂದು ಪುಟ್ಟ ಸಾಕೆಟ್ ಇಟ್ಟದ್ದು ನಮಗೆ ಬಹಳ ಮೆಚ್ಚಿಗೆಯಾಯಿತು. ತೊಂದರೆ ಬಂದರೆ ಅದನ್ನು ಎಳೆದುಬಿಟ್ಟರೆ ಹೊಸ ಗುಂಡಿಗಳು ಕಳಚಿಕೊಂಡು, ಲಾರಿ ಮೊದಲಿನಂತೆ ಸನ್ನೆಯ ಮಾತು ಕೇಳುತ್ತದೆ. ಎಕ್ಸಾಸ್ಟ್ ಬ್ರೇಕಿನ ಸ್ವಿಚ್ಚನ್ನೂ ಹೀಗೆಯೇ ಹತ್ತಿರ ತರುವುದಾದರೆ ಅದಕ್ಕೆ ರಿಲೇ, ಬ್ಯಾಟರಿಯ ಬುಡದಲ್ಲೇ ಫ್ಯೂಸ್, ಎರಡೂ ಇರಲೇಬೇಕು.

ಪರೀಕ್ಷೆಗೆ ಅರ್ಧ ದಿನ ಹಿಡಿಯಿತು. ಚಕ್ರಗಳಿಗೆ ಕಲ್ಲು ಕೊಟ್ಟು ನಿಲ್ಲಿಸಿ, ಸ್ಟಿಯರಿಂಗನ್ನು ಹತ್ತು ಸಲ ಕೊನೆಯಿಂದ ಕೊನೆಗೆ ತಿರುಗಿಸುತ್ತ ಮೀಟರ್ ನೋಡಿದರು. ಮುಳ್ಳು ಅಲುಗಲಿಲ್ಲ. ಬಳಿಕ ಖಾಲಿ ಲಾರಿಯಲ್ಲಿ ಬಯಲು ರಸ್ತೆ. ವೇಗದಲ್ಲಿರುವಾಗ ಬೇಕೆಂದೇ ಎರಡು ಮೂರು ಸಲ ಇಳಿಸುವ ಗುಂಡಿ ಒತ್ತಿದರು. ಇಂಜಿನ್ ಮಿತಿಮೀರಿ ತಿರುಗುವಂತಿದ್ದರೆ ಪೆಟ್ಟಿಗೆ ಒಪ್ಪಬಾರದು, ಒಪ್ಪಲಿಲ್ಲ. ಇದರಿಂದಲೇ ಇನ್ನೊಂದು ಪಾಠ: ವೇಗ ಹೆಚ್ಚಿದ ಮೇಲೆ ಗುಂಡಿ ಒತ್ತಿದರೆ ಗೇರು ಇಳಿಯುವುದಿಲ್ಲ. ಘಾಟಿಯ ತಲೆಯಲ್ಲೇ, ಲಾರಿ ನಿಧಾನವಾಗಿರುವಾಗಲೇ ಇಳಿಸಿಕೊಳ್ಳಬೇಕು.

ಕಾನೂನಿನ ಕಡೆಗೂ ಗಮನವಿರಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಒಂದು ಗುಂಡಿ ಅದರಲ್ಲಿ ಬರುತ್ತದೋ ಇಲ್ಲವೋ ಎಂದು ನಾವು ನೀವು ವಾದಿಸುವುದಕ್ಕಿಂತ ಆರ್.ಟಿ.ಓ. ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಮೊದಲೇ ಬರಹದಲ್ಲಿ ಕೇಳಿಕೊಳ್ಳುವುದು ಕ್ಷೇಮ. ಗ್ಯಾರಂಟಿ ಅವಧಿ ಮುಗಿಯದ ಗಾಡಿಗೆ ಈ ಕೆಲಸಕ್ಕೆ ಹೋಗದಿರುವುದೇ ಲೇಸು.

ಸಿದ್ದಾಪುರದ ಲಾರಿ ಆಮೇಲೆ ಎರಡು ಲೋಡು ಘಾಟಿ ಇಳಿದಿದೆ. ಗುಂಡ್ಯದಲ್ಲಿ ನಿಲ್ಲಿಸಿ ಡ್ರಮ್ಮಿನ ಹತ್ತಿರ ಅಂಗೈ ಹಿಡಿದು ನೋಡಿದರೆ ಬಿಸಿಯಿದೆ, ಹೊಗೆಯಿಲ್ಲ. ಡ್ರೈವರ್ ತನ್ನದೇ ಒಂದು ತಿದ್ದುಪಡಿ ಮಾಡಿಕೊಂಡಿದ್ದಾರೆ. ರಾತ್ರಿ ಕತ್ತಲಲ್ಲಿ ತಡವರಿಸಬಾರದೆಂದು ಇಳಿಸುವ ಗುಂಡಿಗೆ ಸೈಕಲ್ ಟ್ಯೂಬಿನ ಒಂದು ಚೂರು ಸುತ್ತಿದ್ದಾರೆ. ಒರಟಾಗಿ ಬೆರಳಿಗೆ ಸಿಕ್ಕಿದರೆ ಅದು ಇಳಿಸುವುದು.