ಟ್ರ್ಯಾಕ್ಟರಿನ ಲಿಫ್ಟು ಏಳದಿದ್ದಾಗ

ಕಳೆದ ಮುಂಗಾರಿನ ಹೊತ್ತಿಗೆ, ನಮ್ಮ ವಾಚನಾಲಯಕ್ಕೆ ನಿತ್ಯ ಬರುವ ಗೆಳೆಯರೊಬ್ಬರು ಓದುತ್ತಿದ್ದ ಪತ್ರಿಕೆಯನ್ನು ಮಡಿಚಿಟ್ಟು ಫೋನು ಹಿಡಿದು ಹೊರಗೆ ಹೋದರು. ಮರಳಿ ಬಂದಾಗ ಮುಖ ಸಪ್ಪಗಾಗಿತ್ತು. ಊರಿನಿಂದ ತಮ್ಮ ಮಾತಾಡಿದ್ದ. “ಅಣ್ಣಾ, ಟ್ರ್ಯಾಕ್ಟರಿನ ಲಿಫ್ಟು ಏಳವಲ್ದು. ಮಿಸ್ತ್ರಿ ಪಂಪು ಹೋಗೇತಿ ಅಂತಾನ. ರೊಕ್ಕ ಕಳಸು, ಹೊಲದ ಹದಾ ಆರಿ ಹೋಗ್ತದ.”

ಪಂಪೇ ಹೋಗಿದೆಯೆಂದು ಮಿಸ್ತ್ರಿಗೆ ಹೇಗೆ ತಿಳಿಯಿತು ಎಂದು ನಾವು ಕೇಳಿದೆವು. ಗೆಳೆಯರಲ್ಲಿ ಉತ್ತರವಿರಲಿಲ್ಲ. ಪಗಾರದಲ್ಲಿ ಉಳಿಸಿ ಊರಿಗೆ ಹಣ ಕಳಿಸುವವರು ನಮ್ಮಲ್ಲಿ ಬಹಳ ಮಂದಿ. ಈ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಆ ಹಣ ಹೋಗಿಬಿಡುವುದೂ ಉಂಟು. ಊರು ಬಿಡುವ ಮುನ್ನ ಕೆಲಕಾಲ ಇಂಥ ರಿಪೇರಿ ಕೆಲಸದಲ್ಲಿ ಕೈ ಎಣ್ಣೆ ಮಾಡಿಕೊಂಡವರು ನಾವು. ಆದುದರಿಂದ ಈ ಸಲ ಈ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ನಾವು ಹೇಳಹೊರಟಿರುವುದು ಮ್ಯಾಸಿ ಫರ್ಗುಸನ್ 35ರ ವಂಶದ ಹಳೆಯ ಟ್ರ್ಯಾಕ್ಟರುಗಳ ಸಂಗತಿ. ಇವುಗಳ ಹಿರಿಯಣ್ಣ ಫರ್ಗುಸನ್ ಟಿಇ-20. ಅದು 1946ರಿಂದ 1956ರವರೆಗೆ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ತಯಾರಾಯಿತು. 1960ರಲ್ಲಿ ಮದ್ರಾಸಿನಲ್ಲಿ ಟಾಫೆ ಕಂಪನಿ ಹುಟ್ಟಿದ ಮೇಲೆ ಈ ವಂಶ ನಮ್ಮ ದೇಶದಲ್ಲಿಯೂ ಬೆಳೆಯಿತು. ಗೆಳೆಯರ ಮನೆಯದು ಅಂಥದೇ 1035.

ಈ ಯಂತ್ರದ ಒಂದು ವಿಶೇಷವನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಲಿಫ್ಟಿನ ಪಂಪು ಹೊರಗೆ ಕಾಣುವುದಿಲ್ಲ. ಗೇರುಗಳಿರುವ ಹಿಂಭಾಗದ ಪೆಟ್ಟಿಗೆಯ ತಳದಲ್ಲಿ, ಎಣ್ಣೆಯಲ್ಲೇ ಮುಳುಗಿ ಕೂತಿರುತ್ತದೆ. ನಾಲ್ಕು ಪಿಸ್ಟನ್ನುಗಳ ಪಂಪು ಅದು. ಅದು ಎತ್ತಿದ ಎಣ್ಣೆ ಒಂದು ನೆಟ್ಟನೆಯ ಕೊಳವೆಯಲ್ಲಿ ಮೇಲೇರಿ, ಸೀಟಿನ ಕೆಳಗಿರುವ ಸಿಲಿಂಡರಿಗೆ ಹೋಗಿ, ಅಲ್ಲಿನ ದೊಡ್ಡ ಪಿಸ್ಟನ್ನನ್ನು ತಳ್ಳುತ್ತದೆ. ಲಿಫ್ಟಿನ ತೋಳುಗಳು ಏಳುವುದು ಹೀಗೆ. ಗೇರಿಗೂ ಲಿಫ್ಟಿಗೂ ಎಣ್ಣೆ ಒಂದೇ. ಒಳಗೆ ಎಲ್ಲಿ ಸೋರಿದರೂ ಎಣ್ಣೆ ಅದೇ ಪೆಟ್ಟಿಗೆಗೆ ಬೀಳುತ್ತದೆಯಾಗಿ ನೆಲದ ಮೇಲೆ ಒಂದು ಹನಿಯ ಗುರುತೂ ಇರುವುದಿಲ್ಲ. “ಎಲ್ಲೂ ಸೋರಿಲ್ಲ, ಅಂದಮ್ಯಾಲೆ ಪಂಪೇ” ಎಂಬ ವಾದ ಹುಟ್ಟುವುದು ಇಲ್ಲಿಂದಲೇ.

ಪಂಪು ಒತ್ತಡವನ್ನು ಹುಟ್ಟಿಸುತ್ತದೆಂದು ಬಹುಮಂದಿ ತಿಳಿದಿದ್ದಾರೆ. ಅದು ಹುಟ್ಟಿಸುವುದು ಹರಿವನ್ನು ಮಾತ್ರ. ಚಾಳಿನ ನಲ್ಲಿಗೆ ಹೆಬ್ಬೆರಳು ಒತ್ತಿ ನೋಡಿ. ಬೆರಳು ಅಡ್ಡ ಬಂದ ಮೇಲೆ ತಾನೆ ನೀರು ಒದೆಯುವುದು? ಟ್ರ್ಯಾಕ್ಟರಿನಲ್ಲಿ ಆ ಬೆರಳಿನ ಕೆಲಸ ಮಾಡುವುದು ನೇಗಿಲಿನ ಭಾರ. ಪಿಸ್ಟನ್ನಿನ ಅಡ್ಡಳತೆ ಎರಡೂವರೆ ಅಂಗುಲವೆಂದು ಹಿಡಿಯೋಣ. ಅದರ ಮುಖ ಸುಮಾರು 4.9 ಚದರ ಅಂಗುಲ. ಚದರ ಅಂಗುಲಕ್ಕೆ 2000 ಪೌಂಡು ಒತ್ತಡ ಬಂದರೆ ತಳ್ಳುವ ಬಲ 9800 ಪೌಂಡು, ಅಂದರೆ ನಾಲ್ಕು ಟನ್ನಿಗೂ ಮೇಲೆ. ಒತ್ತಡ ಅರ್ಧವಾದರೆ ಬಲವೂ ಅರ್ಧ. ಹೀಗಿರಲಾಗಿ ಒತ್ತಡ ಕಡಮೆಯಾಗಲು ಮೂರು ದಾರಿಗಳಿವೆ. ಪಂಪಿಗೆ ಎಣ್ಣೆ ಸಾಲದೆ ಇರಬಹುದು, ಪಂಪು ಕೊಟ್ಟ ಎಣ್ಣೆ ನಡುದಾರಿಯಲ್ಲಿ ಸೋರಿಹೋಗಬಹುದು, ಇಲ್ಲವೆ ರಿಲೀಫ್ ವಾಲ್ವು ಅವಧಿಗೆ ಮುಂಚೆಯೇ ಬಾಯಿ ಬಿಡಬಹುದು. ಪಂಪಿನ ಸವೆತ ಎರಡನೆಯ ದಾರಿಯ ಒಂದು ಕವಲು, ಅಷ್ಟೆ.

ಪರೀಕ್ಷೆಯನ್ನು ಖರ್ಚಿಲ್ಲದ ಕಡೆಯಿಂದ ಶುರುಮಾಡಬೇಕು. ಮೊದಲು ಸನ್ನೆಗಳು. 35ರ ಮಾದರಿಯಲ್ಲಿ ಲಿಫ್ಟಿಗೆ ಎರಡು ಸನ್ನೆಗಳಿವೆ. ಒಂದರಿಂದ ಎತ್ತಿ ಇಳಿಸುವಾಗ ಇನ್ನೊಂದು ಮೇಲಿರಬೇಕು. ಯಾರೋ ಹುಡುಗರು ಅದನ್ನು ಕೆಳಗೆ ತಳ್ಳಿರುತ್ತಾರೆ, ಮನೆಯವರು ಪೇಟೆಗೆ ಓಡಿರುತ್ತಾರೆ! ಕ್ಲಚ್ಚನ್ನು ಪೂರ್ತಿ ತುಳಿದರೆ ಪಂಪು ನಿಲ್ಲುತ್ತದೆ, ಆಗ ಲಿಫ್ಟು ಏಳದಿರುವುದು ರೋಗವಲ್ಲ. ಟಿಇ-20ರಲ್ಲಂತೂ ಪಿಟಿಓ ಹಾಕದ ಹೊರತು ಪಂಪು ತಿರುಗುವುದೇ ಇಲ್ಲ.

ಆಮೇಲೆ ಎಣ್ಣೆ. ಸಮನೆಲದಲ್ಲಿ ನಿಲ್ಲಿಸಿ, ಇಂಜಿನು ಬಂದು ಮಾಡಿ, ಅಳತೆಯ ಕಡ್ಡಿ ನೋಡಬೇಕು. ಮಜ್ಜಿಗೆಯ ಬಣ್ಣವಿದ್ದರೆ ನೀರು ಸೇರಿದೆ, ನೊರೆಯಿದ್ದರೆ ಪಂಪು ಗಾಳಿ ಎಳೆಯುತ್ತಿದೆ. ಎಣ್ಣೆ ಪುಸ್ತಕದಲ್ಲಿ ಹೇಳಿದ ಜಾತಿಯದೇ ಎಂದು ಕೇಳಿ ತಿಳಿಯಬೇಕು. ಗೇರು ಸದ್ದು ಮಾಡುತ್ತದೆಂದು ಮಂದವಾದ ಎಣ್ಣೆ ಹುಯ್ಯುವ ಚಾಳಿ ನಮ್ಮ ಕಡೆ ಇದೆ. ಗೇರಿಗೆ ಅದು ಹಿತವೆನಿಸಬಹುದು, ಪಂಪಿನ ಗಂಟಲಿಗೆ ಇಳಿಯುವುದಿಲ್ಲ. ಎಣ್ಣೆ ಒಂದೇ ಆದ್ದರಿಂದ ಗೇರುಗಳಿಂದ ಸವೆದ ಕಬ್ಬಿಣದ ಪುಡಿಯೂ ಪಂಪಿನ ಜಾಲರಿಗೇ ಬಂದು ಕೂಡುತ್ತದೆ.

ಇನ್ನು ಲಿಫ್ಟಿನ ನಡೆಯನ್ನೇ ಗಮನಿಸಬೇಕು. ನಮ್ಮ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಬರಿದಾಗಿದ್ದಾಗಲೂ ನಿಧಾನ, ಬೆಳಗಿನ ತಂಪಿನಲ್ಲಿ ಇನ್ನೂ ನಿಧಾನ, ಗಂಟೆ ಹೊತ್ತು ಓಡಿದ ಮೇಲೆ ತುಸು ಮೇಲು ಎಂದಾದರೆ ಪಂಪಿಗೆ ಎಣ್ಣೆ ಸಾಲುತ್ತಿಲ್ಲ. ಬರಿದಾಗಿ ಚುರುಕಾಗಿ ಎದ್ದು, ಭಾರ ಹಾಕಿದೊಡನೆ ಸೋತು, ಬಿಸಿಯಾದಷ್ಟೂ ಹದಗೆಟ್ಟರೆ ಒಳಸೋರಿಕೆ, ಏಕೆಂದರೆ ಬಿಸಿ ಎಣ್ಣೆ ತೆಳ್ಳಗಾಗಿ ಸಂದುಗಳಲ್ಲಿ ನುಸುಳುತ್ತದೆ. ಭಾರವನ್ನು ಎತ್ತಿ ಇಂಜಿನು ನಿಲ್ಲಿಸಿ ನೋಡಿ. ರಾತ್ರಿ ಕಳೆಯುವುದರೊಳಗೆ ಇಳಿದರೆ ಹಳೆಯ ಯಂತ್ರವನ್ನು ದೂರುವಂತಿಲ್ಲ. ನಾಲ್ಕಾರು ನಿಮಿಷದಲ್ಲಿ ಇಳಿದರೆ ಸಿಲಿಂಡರು, ಕೊಳವೆ, ವಾಲ್ವು ಇವುಗಳಲ್ಲೊಂದು ಸೋರುತ್ತಿದೆ. ಇಂಜಿನು ಓಡುತ್ತಿರುವಾಗ ನೇಗಿಲು ಓಲೆಬಸವನಂತೆ ತಲೆಯಾಡಿಸುತ್ತಿದ್ದರೂ ಇದೇ ಅರ್ಥ: ಸೋರಿ ಇಳಿದಷ್ಟನ್ನು ಪಂಪು ಮತ್ತೆ ಮತ್ತೆ ತುಂಬಿಕೊಡುತ್ತಿದೆ.

ಇಲ್ಲಿ ನಮ್ಮ ಮನೆಯದೇ ಒಂದು ಕಥೆ. ಇಂಥದೇ ಟ್ರ್ಯಾಕ್ಟರಿಗೆ ಹೊಸ ಪಂಪು ಹಾಕಿಸಿದೆವು. ಎರಡು ತಿಂಗಳ ಪಗಾರ ಹೋಯಿತು. ಮೂರನೆಯ ದಿನ ಲಿಫ್ಟು ಮೊದಲಿನ ಹಾಗೆಯೇ ತಲೆಯಾಡಿಸತೊಡಗಿತು. ಮೇಲಿನ ಮುಚ್ಚಳವನ್ನು ಮತ್ತೆ ಬಿಚ್ಚಿದಾಗ ಕಂಡದ್ದೇನು? ಆ ನೆಟ್ಟನೆಯ ಕೊಳವೆಯ ತುದಿಗಳಲ್ಲಿ ಕೂರುವ ರಬ್ಬರಿನ ಓ-ರಿಂಗುಗಳು. ಗಟ್ಟಿಯಾಗಿ, ಒಂದು ಕಡೆ ಚಪ್ಪಟೆಯಾಗಿ ಹೋಗಿದ್ದುವು. ಹೊಸ ಪಂಪಿನ ಮೇಲೆ ಅವೇ ಹಳೆಯ ರಿಂಗುಗಳನ್ನು ಕೂರಿಸಿದ್ದರು. ಎರಡು ಚಹಾದ ಬೆಲೆಯ ಸಾಮಾನು! ಬಿಚ್ಚಿ ಇಟ್ಟ ಹಳೆಯ ಪಂಪು ಇಂದಿಗೂ ದನದ ಕೊಟ್ಟಿಗೆಯ ಮೂಲೆಯಲ್ಲಿದೆ. ಅದು ಸರಿಯಾಗಿಯೇ ಇತ್ತೆಂದು ನಮ್ಮ ಶಂಕೆ.

ಇಷ್ಟೆಲ್ಲ ನೋಡಿದ ಮೇಲೂ ಸಂಶಯವಿದ್ದರೆ ಗೇಜು ಹಾಕದೆ ಪಂಪು ಕೊಳ್ಳಲೇಬಾರದು. ಲಿಫ್ಟನ್ನು ಪೂರ್ತಿ ಇಳಿಸಿ, ಇಂಜಿನು ನಿಲ್ಲಿಸಿ, ಮುಚ್ಚಳದ ಮೇಲಿನ ಪ್ಲಗ್ಗು ತೆಗೆದು, 5000 ಪೌಂಡಿನವರೆಗೆ ಅಳೆಯುವ ಗೇಜನ್ನು ಅಲ್ಲಿ ಕೂರಿಸುತ್ತಾರೆ. ಎಣ್ಣೆ ಬಿಸಿಯಾದ ಮೇಲೆ ಕೆಲವೇ ಕ್ಷಣ ಪಂಪನ್ನು ರಿಲೀಫ್ ವಾಲ್ವಿನ ಮಟ್ಟಕ್ಕೆ ಓಡಿಸಿ, ಮುಳ್ಳು ಪುಸ್ತಕದ ಅಂಕಿಯನ್ನು ಮುಟ್ಟುವುದೋ ನೋಡುತ್ತಾರೆ. ಇಂಜಿನು ಜೋರು ಮಾಡಿದಂತೆ ಮುಳ್ಳು ಏರುತ್ತಾ ಹೋದರೆ ಸೋರಿಕೆ ಅಥವಾ ಸವೆತ. ಎಷ್ಟು ಜೋರು ಮಾಡಿದರೂ ಒಂದೇ ತಗ್ಗಿನ ಅಂಕಿಗೆ ಬಂದು ನಿಂತರೆ ರಿಲೀಫ್ ವಾಲ್ವಿನ ಸ್ಪ್ರಿಂಗು ಸೋತಿರುವ ಸಂಭವ ಹೆಚ್ಚು.

ಎತ್ತಿ ನಿಲ್ಲಿಸಿದ ನೇಗಿಲಿನ ಕೆಳಗೆ ಯಾರೂ ತಲೆ ಹಾಕಕೂಡದು. ಹೊರಗಿನ ಕೊಳವೆಗಳಲ್ಲಿ ಸೋರಿಕೆ ಹುಡುಕುವಾಗ ಬೆರಳಾಡಿಸಬಾರದು, ರಟ್ಟಿನ ತುಂಡು ಹಿಡಿಯಬೇಕು. ಈ ಒತ್ತಡದ ಎಣ್ಣೆ ಸೂಜಿಮೊನೆಯಷ್ಟು ತೂತಿನಿಂದ ಬಂದರೂ ಚರ್ಮದೊಳಗೆ ಹೊಕ್ಕುಬಿಡುತ್ತದೆ. ಗಾಯ ಚಿಕ್ಕದಾಗಿ ಕಂಡು, ನೋವೂ ಮೊದಲು ಹೆಚ್ಚಿರದೆ ಇರಬಹುದು. ತಡಮಾಡಿದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಮನೆಮದ್ದಿಗೆ ಕಾಯದೆ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಅಂದು ಸಂಜೆ ಗೆಳೆಯರು ಇಲ್ಲಿಂದಲೇ ತಮ್ಮನಿಗೆ ಮತ್ತೆ ಫೋನು ಮಾಡಿದರು. ನಾವು ಪಕ್ಕದಲ್ಲಿ ಕೂತು ಒಂದೊಂದೇ ಕೇಳಿಸಿದೆವು. ಬರಿದಾಗಿ ಹೇಗೆ ಏಳುತ್ತದೆ? “ಭಾಳ ಸಾವಕಾಶ.” ಮುಂಜಾನೆಯೋ ಮಧ್ಯಾಹ್ನವೋ? “ಮುಂಜಾನೆ ಏಳೂದೇ ಇಲ್ಲ, ಬಿಸಿಲೇರಿದ ಮ್ಯಾಲೆ ತುಸು ಛಲೋ.” ಇಂಜಿನು ನಿಲ್ಲಿಸಿದರೆ ಎತ್ತಿದ್ದು ನಿಲ್ಲುತ್ತದೆಯೆ? “ನಿಲ್ಲತದ.” ಎಣ್ಣೆ ಯಾವಾಗ ಬದಲಿಸಿದಿರಿ? ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಶಿವರಾತ್ರಿ ಮುಂದ, ಅಣ್ಣಾ. ಗೇರು ಆವಾಜ ಮಾಡತಿತ್ತಂತ ದಪ್ಪಂದು ಹಾಕಿಸಿದ್ದೆ.”

ಎಣ್ಣೆ ಪೂರ್ತಿ ಇಳಿಸಿ, ಜಾಲರಿ ತೊಳೆದು, ಪುಸ್ತಕದಲ್ಲಿ ಹೇಳಿದ ಎಣ್ಣೆ ತುಂಬಿಸಿದರು. ಜಾಲರಿಗೆ ಕೆಸರಿನಂಥ ಕರಿಯ ಪದರ ಮೆತ್ತಿತ್ತಂತೆ. ಮರುದಿನ ಮಧ್ಯಾಹ್ನ ಕುಂಟೆ ಹೂಡಿದ್ದಾರೆಂದು ಸುದ್ದಿ ಬಂತು. ಗೆಳೆಯರು ಎಣ್ಣೆಯ ಹಣವನ್ನಷ್ಟೇ ಕಳಿಸಿದರು.