ಬದಲಿ ಮೋಟಾರು ಉಚಿತ. ಎತ್ತಿ ಇಳಿಸುವ ವೆಚ್ಚ ಯಾರದು?

ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ

ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ಹೋಬಳಿಯಂತಹ ಬಯಲುಸೀಮೆಯಲ್ಲಿ ಮನೆಯ ಬಳಕೆಗೂ ಹೊಲಕ್ಕೂ ಕೊಳವೆಬಾವಿಯ ನೀರನ್ನೇ ನಂಬಿದ ಕುಟುಂಬಗಳು ಬಹಳ. ಆದುದರಿಂದ ಕೆಟ್ಟ ಉಪಕರಣ ಬದಲಾಯಿಸಿಕೊಳ್ಳುವ ವಿಚಾರ ಬಂದಾಗ ಇಲ್ಲಿ ಮಿಕ್ಸಿ, ಫ್ಯಾನುಗಳಿಗಿಂತ ಸಬ್‌ಮರ್ಸಿಬಲ್ ಮೋಟಾರಿನ ಪ್ರಶ್ನೆಯೇ ಹೆಚ್ಚು ತೂಕದ್ದು. ಮಿಕ್ಸಿಯನ್ನು ಚೀಲದಲ್ಲಿಟ್ಟು ಅಂಗಡಿಗೆ ಒಯ್ಯಬಹುದು. ಮೋಟಾರನ್ನು 600 ಅಡಿ ಆಳಕ್ಕೆ ಇಳಿಸಿದ್ದರೆ, 20 ಅಡಿಯ ಕಬ್ಬಿಣದ ಪೈಪುಗಳ ಲೆಕ್ಕದಲ್ಲಿ 30 ಪೈಪುಗಳನ್ನು ಒಂದೊಂದಾಗಿ ಬಿಚ್ಚಿ ಮೇಲೆತ್ತಬೇಕು. ಬದಲಿ ಮೋಟಾರು ಬಂದ ಮೇಲೆ ಅಷ್ಟನ್ನೂ ಮತ್ತೆ ಜೋಡಿಸಿ ಇಳಿಸಬೇಕು.

ವಾರಂಟಿ ಅವಧಿಯಲ್ಲಿ ಮೋಟಾರು ಕೆಟ್ಟರೆ ಹೊಸದನ್ನು ಉಚಿತವಾಗಿ ಕೊಡುವೆನೆಂದು ಮಾರಾಟಗಾರರು ಒಪ್ಪಬಹುದು. ಆದರೆ ಎತ್ತುವ ತಂಡದ ಕೂಲಿ, ವಾಹನದ ಬಾಡಿಗೆ, ಕೇಬಲ್ ಜೋಡಣೆಯ ಖರ್ಚು ಗ್ರಾಹಕನ ತಲೆಗೇ ಬರುತ್ತದೆ. ಆ ಖರ್ಚಿಗೆ ಹಣ ಹೊಂದಿಸುವವರೆಗೆ ಮನೆಯ ಹೆಂಗಸರು ಕೊಡ ಹಿಡಿದು ಬೇರೆಡೆ ನೀರಿಗೆ ಅಲೆಯುತ್ತಾರೆ. ಇಂತಹ ಬದಲಾವಣೆಯನ್ನು ಉಚಿತವೆಂದು ಕರೆಯುವುದು ಕಷ್ಟ.

ಮೊದಲು ನಿರ್ಧರಿಸಬೇಕಾದುದು ಕೆಡಲು ಕಾರಣವೇನು ಎಂಬುದನ್ನು. ಮೋಟಾರಿನ ತಯಾರಿಕೆಯಲ್ಲಿಯೇ ದೋಷವಿದ್ದರೆ ಮಾರಾಟಗಾರ ಮತ್ತು ತಯಾರಕರನ್ನು ಕೇಳಬೇಕು. ಕೇಬಲ್ಲಿನ ಜೋಡಣೆ ಸರಿಯಾಗದೆ ನೀರು ಒಳನುಗ್ಗಿದ್ದರೆ ಅದು ಇಳಿಸಿದ ತಂಡದ ಸೇವಾ ನ್ಯೂನತೆ. ನೀರು ಬತ್ತಿದ ಬಾವಿಯಲ್ಲಿ ಮೋಟಾರು ಓಡಿಸಿದ್ದರೆ ಅಥವಾ ಸರಿಯಾದ ಸ್ಟಾರ್ಟರ್ ಇಲ್ಲದೆ ವೈಂಡಿಂಗ್ ಸುಟ್ಟಿದ್ದರೆ ಯಾರ ಮೇಲೂ ಹಕ್ಕು ಸಾಧಿಸಲಾಗದು. ಗ್ರಾಮಸ್ಥರು ಸದಸ್ಯರ ಬಳಿಗೆ ಬಂದಾಗ ಈ ಮೂರನ್ನು ಬೇರ್ಪಡಿಸಿ ವಿಚಾರಿಸುವುದು ಅಗತ್ಯ. ಎಲ್ಲಕ್ಕೂ ಅಂಗಡಿಯವರನ್ನೇ ಹೊಣೆ ಮಾಡಿದರೆ ನ್ಯಾಯವಾದ ದೂರೂ ಬಲ ಕಳೆದುಕೊಳ್ಳುತ್ತದೆ.

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಕಲಂ 39ರಂತೆ ಜಿಲ್ಲಾ ಗ್ರಾಹಕ ಆಯೋಗವು ದೋಷ ನಿವಾರಿಸಲು, ದೋಷರಹಿತ ಹೊಸ ವಸ್ತು ಕೊಡಲು, ಬೆಲೆಯನ್ನು ಹಿಂದಿರುಗಿಸಲು ಆದೇಶಿಸಬಹುದು. ಎದುರುದಾರರ ನಿರ್ಲಕ್ಷ್ಯದಿಂದಾದ ನಷ್ಟಕ್ಕೆ ಪರಿಹಾರವನ್ನೂ ದೂರಿನ ಖರ್ಚನ್ನೂ ಕೊಡಿಸಬಹುದು. ಬದಲಿ ವಸ್ತುವಿನ ಮರುಅಳವಡಿಕೆಯ ವೆಚ್ಚ ಯಾರದೆಂದು ಈ ಕಲಂ ಹೆಸರಿಸಿ ಹೇಳಿಲ್ಲ. ಆದುದರಿಂದ ದೂರಿನಲ್ಲಿ ಬದಲಿ ಮೋಟಾರನ್ನು ಮಾತ್ರ ಕೇಳಿ ಸುಮ್ಮನಾಗಬಾರದು. ಎತ್ತಿದ, ಸಾಗಿಸಿದ, ಇಳಿಸಿದ ವೆಚ್ಚವನ್ನು ನಷ್ಟವೆಂದು ಪ್ರತ್ಯೇಕವಾಗಿ ಬರೆದು ರಸೀದಿಗಳೊಂದಿಗೆ ಕೇಳಬೇಕು. ಕರಾರು ಭಂಗದಿಂದ ಸಹಜವಾಗಿ ಉಂಟಾಗುವ ನಷ್ಟವನ್ನು ಭಂಗ ಮಾಡಿದವರು ತುಂಬಿಕೊಡಬೇಕೆಂಬ ಭಾರತೀಯ ಕರಾರು ಕಾಯ್ದೆ 1872ರ ಕಲಂ 73 ಇಲ್ಲಿ ಆಧಾರವಾಗುತ್ತದೆ. ಕೊಳವೆಬಾವಿಗೆಂದೇ ಮಾರಿದ ಮೋಟಾರು ಕೆಟ್ಟರೆ ಅದನ್ನು ಮೇಲೆತ್ತಬೇಕಾಗುವುದು ಮಾರಿದವರಿಗೆ ತಿಳಿಯದ ಸಂಗತಿಯೇನಲ್ಲ.

ಇದೇ ಪ್ರಶ್ನೆ ಜರ್ಮನಿಯಿಂದ ಯುರೋಪಿಯನ್ ಒಕ್ಕೂಟದ ನ್ಯಾಯಾಲಯಕ್ಕೆ ಹೋಗಿತ್ತು. ಒಂದು ಪ್ರಕರಣ ನೆಲಕ್ಕೆ ಹಾಸಿದ ಟೈಲ್ಸಿನದು, ಇನ್ನೊಂದು ಪಾತ್ರೆ ತೊಳೆಯುವ ಯಂತ್ರದ್ದು. 2011ರ ಜೂನ್ 16ರಂದು ನ್ಯಾಯಾಲಯ ತೀರ್ಪು ನೀಡಿತು: ಕೆಟ್ಟ ವಸ್ತುವನ್ನು ಕಳಚುವ ಮತ್ತು ಬದಲಿಯನ್ನು ಅಳವಡಿಸುವ ಕೆಲಸವನ್ನು ಮಾರಾಟಗಾರರೇ ಮಾಡಬೇಕು, ಇಲ್ಲವೇ ಅದರ ವೆಚ್ಚ ಭರಿಸಬೇಕು, ಮೊದಲ ಮಾರಾಟದಲ್ಲಿ ಅಳವಡಿಸಿಕೊಡುವ ಕರಾರು ಇಲ್ಲದಿದ್ದರೂ ಇದು ಅನ್ವಯಿಸುತ್ತದೆ. ವೆಚ್ಚ ವಸ್ತುವಿನ ಬೆಲೆಗೆ ಹೋಲಿಸಿದರೆ ವಿಪರೀತವಾದಾಗ ಅದಕ್ಕೆ ಮಿತಿ ಹಾಕಬಹುದೆಂದೂ ಹೇಳಿತು. ಈ ತೀರ್ಪು ನಮ್ಮ ಆಯೋಗಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ಅದರ ತರ್ಕವನ್ನು ಇಲ್ಲಿಯೂ ಮಂಡಿಸಲು ಅಡ್ಡಿಯಿಲ್ಲ.

ಅರಸೀಕೆರೆಯವರು ಮೋಟಾರನ್ನು ದಾವಣಗೆರೆಯಲ್ಲಿ ಕೊಂಡಿರಬಹುದು, ಕೊಟ್ಟೂರಿನಲ್ಲಿಯೂ ಕೊಂಡಿರಬಹುದು. ಅಂಗಡಿ ಯಾವ ಜಿಲ್ಲೆಯಲ್ಲಿದ್ದರೂ ದೂರುದಾರ ವಾಸವಿರುವ ಸ್ಥಳದ ವ್ಯಾಪ್ತಿಯ ಆಯೋಗದಲ್ಲಿಯೇ ದೂರು ಸಲ್ಲಿಸಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. 1986ರ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಕೊಂಡ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಅದಕ್ಕೂ ಮುಂಚೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ನೋಡುವುದು ಒಳಿತು.

ಸಾಕ್ಷ್ಯದ ವಿಷಯದಲ್ಲಿ ಎಚ್ಚರ ಬೇಕು. ನೀರಿನ ಆತುರಕ್ಕೆ ಮೋಟಾರನ್ನು ಎತ್ತಿ, ಹತ್ತಿರದ ವೈಂಡಿಂಗ್ ಅಂಗಡಿಯಲ್ಲಿ ಬಿಚ್ಚಿಸಿದರೆ ದೋಷ ಯಾವುದಿತ್ತೆಂದು ತೋರಿಸುವುದು ಕಠಿಣವಾಗುತ್ತದೆ. ಎತ್ತುವ ದಿನವನ್ನು ಮಾರಾಟಗಾರರಿಗೆ ಮೊದಲೇ ಬರಹದಲ್ಲಿ ತಿಳಿಸಬೇಕು. ಮೊಬೈಲ್ ಸಂದೇಶವಾದರೂ ಸರಿ. ಮೇಲೆ ಬಂದ ಮೋಟಾರಿನ ಕ್ರಮಸಂಖ್ಯೆ ಕಾಣುವಂತೆ ಫೋಟೊ ತೆಗೆಯಬೇಕು. ಎತ್ತುವ ತಂಡದವರು ಸಾಮಾನ್ಯವಾಗಿ ರಸೀದಿ ಕೊಡುವುದಿಲ್ಲ; ಬಿಳಿ ಹಾಳೆಯ ಮೇಲಾದರೂ ದಿನಾಂಕ, ಆಳ, ಮೊತ್ತ ಬರೆಸಿ ಸಹಿ ಹಾಕಿಸಿಕೊಳ್ಳಬೇಕು. ಇನ್ನು ಕೊಳ್ಳುವಾಗ ಬಿಲ್ಲು ಪಡೆಯದವರಿಗೆ ಈ ಪಾಠದಿಂದ ಹೆಚ್ಚಿನ ಪ್ರಯೋಜನವಿಲ್ಲ. ಬಿಲ್ಲು ಕೊಡದಿರುವುದು ಇದೇ ಕಾಯ್ದೆಯಂತೆ ಅನುಚಿತ ವ್ಯಾಪಾರ ಪದ್ಧತಿ ಎಂಬುದನ್ನು ಗ್ರಾಮಸಭೆಯಲ್ಲಿ ತಿಳಿಸಬೇಕು.

ಪಂಚಾಯಿತಿಯೇ ಕುಡಿಯುವ ನೀರಿಗೆ ಮೋಟಾರು ಕೊಳ್ಳುವಾಗ ವೆಚ್ಚ ಸಾರ್ವಜನಿಕ ನಿಧಿಯದು. ಆದುದರಿಂದ ದರಪಟ್ಟಿ ಆಹ್ವಾನಿಸುವ ಹಂತದಲ್ಲಿಯೇ ಈ ಷರತ್ತನ್ನು ಸೇರಿಸುವುದು ಸೂಕ್ತ: “ವಾರಂಟಿ ಅವಧಿಯಲ್ಲಿ ತಯಾರಿಕಾ ದೋಷದಿಂದ ಪಂಪು ಅಥವಾ ಮೋಟಾರು ಕೆಟ್ಟಲ್ಲಿ ಅದನ್ನು ಮೇಲೆತ್ತುವ, ಸಾಗಿಸುವ ಹಾಗೂ ಬದಲಿ ಉಪಕರಣವನ್ನು ಇಳಿಸಿ ಚಾಲನೆಗೊಳಿಸುವ ಸಂಪೂರ್ಣ ವೆಚ್ಚವನ್ನು ಪೂರೈಕೆದಾರರೇ ಭರಿಸತಕ್ಕದ್ದು.” ದರ ಒಪ್ಪಿದ ಮೇಲೆ ಆದೇಶದಲ್ಲಿ ಮಾತ್ರ ಇದನ್ನು ಸೇರಿಸಿದರೆ ಪೂರೈಕೆದಾರರು ತಕರಾರು ತೆಗೆಯಬಹುದು. ಷರತ್ತಿನ ಕಾರಣ ದರ ಸ್ವಲ್ಪ ಏರಬಹುದು. ಒಮ್ಮೆ ಎತ್ತಿ ಇಳಿಸುವ ಸ್ಥಳೀಯ ಖರ್ಚಿನೊಡನೆ ಆ ಹೆಚ್ಚಳವನ್ನು ಹೋಲಿಸಿ ಸಭೆಯಲ್ಲಿ ನಿರ್ಣಯಿಸಬೇಕು. ಮೋಟಾರು ಇಳಿಸಿದ ದಿನ, ಆಳ, ಪೈಪುಗಳ ಸಂಖ್ಯೆ, ಕ್ರಮಸಂಖ್ಯೆ ಮತ್ತು ವಾರಂಟಿ ಮುಗಿಯುವ ದಿನಾಂಕವನ್ನು ನೀರುಗಂಟಿಯ ಪುಸ್ತಕದಲ್ಲಿ ದಾಖಲಿಸಿ, ಬಿಲ್ಲಿನ ಪ್ರತಿಯನ್ನು ಅದರಲ್ಲಿಯೇ ಅಂಟಿಸಿಡತಕ್ಕದ್ದು.