ಕಾಕಂಬಿಗೆ ಯಾವ ಕುಲ?

ಅಳಿಯಾ,

ರಮ್ಮಿಗೆ ಕೋಕ್ ಬೆರೆಸಿದೆ ಅಂತ ನಿನ್ನ ಆಫೀಸಿನೋರು ನಕ್ಕರಂತೆ. ಅದಾದ ಮೇಲೆ ನೀನು ಸಂಬಳದಲ್ಲಿ ದೊಡ್ಡ ಪಾಲು ಸುರಿದು ಸ್ಕಾಟ್ಲೆಂಡಿನ ಸಿಂಗಲ್ ಮಾಲ್ಟ್ ತಂದು, ಬೀರುವಿನಲ್ಲಿ ಎದುರಿಗೇ ಕಾಣೋ ಹಾಗೆ ಇಟ್ಟಿದ್ದೀಯಂತೆ. ಹೇಗಿದೆಯೋ ಅಂದ್ರೆ, "ಮಾವ, ಗಾಯಕ್ಕೆ ಹಚ್ಚೋ ಟಿಂಚರ್ ಕುಡಿದ ಹಾಗಾಯ್ತು" ಅಂತ ಮೆಲ್ಲಗೆ ಹೇಳ್ತೀಯ. ಆ ಮೆಲುದನಿ ಕೇಳಿಯೇ ಈ ಕಾಗದ ಬರೀತಿದ್ದೀನಿ. ಕುಡಿ ಅಂತ ಹೇಳೋಕಲ್ಲ, ಬಿಡು ಅಂತ ಹೇಳೋಕೂ ಅಲ್ಲ. ಬಿಡು ಅನ್ನೋಕೆ ನಿಮ್ಮಮ್ಮ ಇದ್ದಾಳೆ. ಇದು ಅವಳ ಕೈಗೆ ಸಿಗದ ಹಾಗೆ ನೋಡ್ಕೊ.

ಟಿಂಚರ್ ಅಂದೆಯಲ್ಲ, ನಿನ್ನ ನಾಲಿಗೆ ಸುಳ್ಳು ಹೇಳಿಲ್ಲ. ಸ್ಕಾಟ್ಲೆಂಡಿನಲ್ಲಿ ಐಲಾ ಅಂತ ಒಂದು ದ್ವೀಪ ಇದೆ, ನಿನ್ನ ಬಾಟಲಿ ಅಲ್ಲಿಯದೇ. ಮೊಳಕೆ ಬರಿಸಿದ ಬಾರ್ಲಿಯನ್ನು ಪೀಟ್ ಅನ್ನೋ ಜವುಗು ನೆಲದ ಹೆಂಟೆ ಸುಟ್ಟು, ಆ ಹೊಗೆಯಲ್ಲಿ ಒಣಗಿಸ್ತಾರೆ. ಆಸ್ಪತ್ರೆ ವಾಸನೆ ಅನ್ನಿಸೋದು ಆ ಹೊಗೆಯ ಗುಣ. ಅದಕ್ಕೆ ಪ್ರಾಣ ಬಿಡೋರಿದ್ದಾರೆ. ಸೇರದೋರು ಸ್ಕಾಟ್ಲೆಂಡಿನಲ್ಲೇ ಬೇಕಾದಷ್ಟು ಜನ ಇದ್ದಾರೆ. ಅವರು ಸೇರಲ್ಲ ಅಂತ ಜೋರಾಗಿಯೇ ಹೇಳ್ತಾರೆ. ಮೆಲ್ಲಗೆ ಹೇಳೋರು ನಾವು ಮಾತ್ರ, ದುಡ್ಡು ಕೊಟ್ಟು ತಂದೋರು.

ನಿನಗೆ ಗೊತ್ತಲ್ಲ, ನಿಮ್ಮ ಮಾವನ ಅನ್ನ ಹುಟ್ಟಿದ್ದು ಡಿಸ್ಟಿಲರಿಯ ಬ್ಲೆಂಡಿಂಗ್ ಸೆಕ್ಷನ್ನಿನಲ್ಲಿ. ಅಲ್ಲಿ ನಿಂತು ನೋಡಿದೋನಿಗೆ ಬಾರಿನ ಜಾತಿ ಪದ್ಧತಿ ಕಂಡ್ರೆ ನಗು ಬರುತ್ತೆ. ಕಬ್ಬು ಅರೆದು ಸಕ್ಕರೆ ತೆಗೆದ ಮೇಲೆ ಕಪ್ಪಗೆ ಮಂದವಾಗಿ ಉಳಿಯುತ್ತಲ್ಲ ಕಾಕಂಬಿ, ನಮ್ಮ ದೇಶದ ಅಗ್ಗದ ವಿಸ್ಕಿ, ಬ್ರಾಂದಿ, ರಮ್ಮು, ಜಿನ್ನು ಬಹುಪಾಲು ಹುಟ್ಟೋದು ಅದರ ಹೊಟ್ಟೆಯಲ್ಲೇ. ಅದನ್ನು ಹುಳಿ ಬರಿಸಿ, ಬಟ್ಟಿ ಇಳಿಸಿ, ಮತ್ತೆ ಮತ್ತೆ ಶುದ್ಧ ಮಾಡಿ, ಬಣ್ಣ ವಾಸನೆ ರುಚಿ ಯಾವುದೂ ಇಲ್ಲದ ಸ್ಪಿರಿಟ್ ಮಾಡ್ತಾರೆ. ಆಮೇಲೆ ಒಂದೇ ಟ್ಯಾಂಕಿನಿಂದ ಪೈಪು ಬೇರೆ ಬೇರೆ ಕಡೆ ಹೋಗುತ್ತೆ. ಇಲ್ಲಿ ಕ್ಯಾರಮೆಲ್ ಬಣ್ಣವೂ ವೆನಿಲಾ ಘಮವೂ ಬಿದ್ದರೆ ರಮ್ಮು, ಅಲ್ಲಿ ದ್ರಾಕ್ಷಿ ಎಸೆನ್ಸು ಬಿದ್ದರೆ ಬ್ರಾಂದಿ, ಇನ್ನೊಂದು ಕಡೆ ಸ್ವಲ್ಪ ಮಾಲ್ಟ್ ಸ್ಪಿರಿಟ್ ಬೆರೆತರೆ ವಿಸ್ಕಿ. ಮೂರಕ್ಕೂ ನೀರು ಹಾಕಿ 42.8 ಪರ್ಸೆಂಟಿಗೆ ಇಳಿಸಿದರೆ ಆಯ್ತು. ಮೇಲಿನ ದರ್ಜೆಯ ಬ್ರಾಂಡುಗಳಿಗೆ ಈಗ ಅಕ್ಕಿ ನುಚ್ಚು, ಮುಸುಕಿನ ಜೋಳದ ಸ್ಪಿರಿಟ್ಟೂ ಬಂದಿದೆ, ಇಲ್ಲ ಅನ್ನಲ್ಲ.

ಯುರೋಪಿನ ಕಾನೂನು ಕೇಳಿದ್ರೆ, ವಿಸ್ಕಿ ಅಂದ್ರೆ ಧಾನ್ಯದಿಂದ ಆಗಿರಬೇಕು, ಮರದ ಪೀಪಾಯಿಯಲ್ಲಿ ಮೂರು ವರ್ಷ ಕೂತಿರಬೇಕು. ಕಾಕಂಬಿಯದ್ದಕ್ಕೆ ಅಲ್ಲಿ ವಿಸ್ಕಿ ಅನ್ನೋ ಲೇಬಲ್ ಹಚ್ಚೋ ಹಾಗೇ ಇಲ್ಲ. ಅಂದ್ರೆ ನಮ್ಮೂರ ಬಾರಿನಲ್ಲಿ ವಿಸ್ಕಿ ಟೇಬಲ್ಲಿನ ಯಜಮಾನರು ಪಕ್ಕದ ರಮ್ ಟೇಬಲ್ಲಿನೋರನ್ನು ಕೀಳಾಗಿ ನೋಡ್ತಾರಲ್ಲ, ಅವರ ಗ್ಲಾಸಿನಲ್ಲಿ ಇರೋದೂ ರಮ್ಮಿನ ಅಣ್ಣತಮ್ಮನೇ.

ಇದಕ್ಕಿಂತ ಕೆಳಗಿನ ಮೆಟ್ಟಿಲು ಒಂದಿತ್ತು. ನಿನಗೆ ನೆನಪಿರಲಿಕ್ಕಿಲ್ಲ, ಸಾರಾಯಿ ಪ್ಯಾಕೆಟ್ಟು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಅದು ಬಂದಾಯ್ತು. ಸಾರಾಯಿ ಅಂಗಡಿ ಕಡೆ ತಲೆ ಹಾಕಿದೋನಿಗೆ ಹೆಣ್ಣು ಕೊಡ್ತಿರಲಿಲ್ಲ. ವಿಸ್ಕಿ ಕುಡಿಯೋ ಗುಮಾಸ್ತ ಮಾತ್ರ 'ಸ್ವಲ್ಪ ತಗೋತಾರೆ' ಅಷ್ಟೆ. ಆ ಸಾರಾಯಿಯೂ ಕಾಕಂಬಿಯ ಸ್ಪಿರಿಟ್ಟೇ ಕಣಪ್ಪ. ಬಂದಾದ ಮೇಲೆ ಅದೇ ಜನ ಅಗ್ಗದ ವಿಸ್ಕಿಯ ಕ್ವಾರ್ಟರಿಗೂ ಟೆಟ್ರಾ ಪ್ಯಾಕಿಗೂ ಬಂದರು. ಜೇಬಿಗೆ ಭಾರ ಹೆಚ್ಚಾಯ್ತು, ಹೊಟ್ಟೆಗೆ ಬೀಳೋದರಲ್ಲಿ ದೊಡ್ಡ ವ್ಯತ್ಯಾಸ ಆಗಲಿಲ್ಲ. ಇವೆಲ್ಲಕ್ಕಿಂತ ಮೆದು ಅಂದ್ರೆ ಈಚಲ ಹೆಂಡ, ಮರದಿಂದ ಇಳಿದ ಹೊಸದರಲ್ಲಿ ಬಿಯರಿಗಿಂತ ಜೋರೇನಲ್ಲ. ಆದ್ರೆ ಅದರ ಹೆಸರು ಎಷ್ಟು ಕೆಟ್ಟಿತ್ತು ಅಂದ್ರೆ, ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದೋನಿಗೂ ಉಳಿಗಾಲ ಇರಲಿಲ್ಲ. ಆ ಹೆಂಡ ಕುಡಿಯೋನ ಬಾಯಲ್ಲಿ ಒಳ್ಳೆ ಕನ್ನಡ ಇದೆ, ಎದೆಯಲ್ಲಿ ಪ್ರೀತಿ ಇದೆ ಅಂತ ತೋರಿಸೋಕೆ ಜಿ.ಪಿ. ರಾಜರತ್ನಂ ಅವರಂಥ ಕನ್ನಡ ಮೇಷ್ಟ್ರೇ 'ರತ್ನನ ಪದಗಳು' ಬರೀಬೇಕಾಯ್ತು.

ಕ್ಲಬ್ಬಿನ ಕಥೆ ಬೇರೆ. ಬೆಂಗಳೂರು ಕ್ಲಬ್ಬಿನಲ್ಲಿ 1899ರ ಲೆಕ್ಕದ ಪುಸ್ತಕ ಒಂದನ್ನು ಜೋಪಾನವಾಗಿ ಇಟ್ಟಿದ್ದಾರೆ. ವಸೂಲಾಗದ ಬಾಕಿದಾರರ ಪಟ್ಟಿಯಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಹೆಸರು, ಬಾಕಿ 13 ರೂಪಾಯಿ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಅದೇ ಚರ್ಚಿಲ್. ಬಂದೋರೆಲ್ಲ ಅದನ್ನು ನೋಡಿ ಹಿಗ್ಗುತ್ತಾರೆ. ನಮ್ಮೂರ ಗಡಂಗಿನಲ್ಲಿ ಬಾಕಿ ಉಳಿಸಿದೋನ ಹೆಸರನ್ನೂ ಗೋಡೆ ಮೇಲೆ ಬರೀತಿದ್ದರು, ಉದ್ದೇಶ ಬೇರೆ.

ಇನ್ನು ಫಾರಿನ್ ಬಾಟಲಿ. ನಮ್ಮ ಕಾಲದಲ್ಲಿ ದುಬೈನಿಂದ ಯಾರಾದ್ರೂ ರೆಡ್ ಲೇಬಲ್ ತಂದರೆ ಅದು ಮನೆಯ ಶೋಕೇಸಿನಲ್ಲಿ ದೇವರ ಫೋಟೋ ಪಕ್ಕದಲ್ಲೇ ಕೂತಿರೋದು. ಖಾಲಿಯಾದ ಮೇಲೂ ಫ್ರಿಜ್ಜಿನಲ್ಲಿ ನೀರಿನ ಬಾಟಲಿಯಾಗಿ ಮೆರೆಯೋದು. ಬ್ರಿಟನ್ನಿನಲ್ಲಿ ಅದು ಸೂಪರ್ ಮಾರ್ಕೆಟ್ಟಿನಲ್ಲಿ ಸೋಪು, ಬ್ರೆಡ್ಡು ಕೊಳ್ಳೋ ಸಾಮಾನ್ಯ ಜನರ ವಿಸ್ಕಿ. ಇಲ್ಲಿ ಹೆಚ್ಚಿದ್ದು ವಿಸ್ಕಿಯ ಗುಣ ಅಲ್ಲ, ಸುಂಕ. ಬಹಳ ವರ್ಷ ಸ್ಕಾಚ್ ಮೇಲೆ 150 ಪರ್ಸೆಂಟ್ ಆಮದು ಸುಂಕ ಇತ್ತು, ಅದರ ಮೇಲೆ ರಾಜ್ಯದ ಅಬಕಾರಿ ತೆರಿಗೆ. ನಿನ್ನ ಬೀರುವಿನ ಬಾಟಲಿಗೆ ಕೊಟ್ಟ ದುಡ್ಡಿನಲ್ಲಿ ಎಷ್ಟು ಸ್ಕಾಟ್ಲೆಂಡಿಗೆ ಹೋಯ್ತು, ಎಷ್ಟು ಖಜಾನೆಗೆ ಹೋಯ್ತು ಅಂತ ಲೆಕ್ಕ ಹಾಕಿದ್ರೆ ನಶೆ ಇಳಿಯುತ್ತೆ.

ಅಷ್ಟು ದೂರ ಯಾಕೆ, ಅಮೃತ್ ನೋಡು. 1948ರಲ್ಲಿ ರಾಧಾಕೃಷ್ಣ ಜಗದಾಳೆ ಬೆಂಗಳೂರಿನಲ್ಲಿ ಶುರು ಮಾಡಿದ ಕಂಪನಿ. 2004ರಲ್ಲಿ ಸಿಂಗಲ್ ಮಾಲ್ಟ್ ಹೊರತಂದಾಗ ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ವಿಸ್ಕಿಯ ತವರಾದ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಅಲ್ಲಿನ ಪಬ್ಬಿನಲ್ಲಿ ಹೆಸರು ಹೇಳದೆ ರುಚಿ ನೋಡಿಸಿದಾಗ ಸ್ಕಾಟ್ಲೆಂಡಿನದೇ ಮಾಲ್ಟು ಅಂದುಕೊಂಡರಂತೆ. 2010ರ 'ವಿಸ್ಕಿ ಬೈಬಲ್'ನಲ್ಲಿ ಜಿಮ್ ಮರ್ರೆ ಅವರು ಅಮೃತ್ ಫ್ಯೂಷನ್ನಿಗೆ 100ಕ್ಕೆ 97 ಕೊಟ್ಟು ಜಗತ್ತಿನ ಮೂರನೇ ಶ್ರೇಷ್ಠ ವಿಸ್ಕಿ ಅಂದರು. ಬೆಂಗಳೂರಿನಲ್ಲಿ ಹುಟ್ಟಿದ್ದು ಬೆಂಗಳೂರಿನ ಅಂಗಡಿಗೆ ಬಂದಿದ್ದು ಆಮೇಲೆ. ಮೊದಲೇ ಇಲ್ಲಿಟ್ಟಿದ್ದರೆ ನಾವೇ "ಅಯ್ಯೋ, ಲೋಕಲ್ಲು" ಅಂತಿದ್ದೆವು. ಇದನ್ನು ನಾನು ಪಣ ಕಟ್ಟಿ ಹೇಳ್ತೀನಿ.

ಬಾಟಲಿಯ ಮೇಲೆ 12, 18 ಅಂತ ವಯಸ್ಸು ಓದಿ ಬೆಲೆ ಕಟ್ಟೋದು ಇನ್ನೊಂದು ಗೀಳು. ಪೀಪಾಯಿಯಲ್ಲಿ ಕೂತ ಮದ್ಯ ವರ್ಷವರ್ಷವೂ ಆವಿಯಾಗುತ್ತೆ. ಸ್ಕಾಟ್ಲೆಂಡಿನ ಚಳಿಗೆ ವರ್ಷಕ್ಕೆ ಸುಮಾರು 2 ಪರ್ಸೆಂಟ್ ಹೋದ್ರೆ, ಬೆಂಗಳೂರಿನ ಬಿಸಿಲಿಗೆ 10ರಿಂದ 12. ಅದೇ ಲೆಕ್ಕದಲ್ಲಿ 12 ವರ್ಷ ಬಿಟ್ಟರೆ ಇಲ್ಲಿನ ಪೀಪಾಯಿಯಲ್ಲಿ ಕಾಲು ಭಾಗ ಉಳಿದರೆ ಪುಣ್ಯ. ಬಿಸಿಲಿನಲ್ಲಿ ಮರದ ಸಾರವೂ ಬೇಗ ಇಳಿಯುತ್ತೆ, ನಾಲ್ಕೈದು ವರ್ಷಕ್ಕೇ ಹದಕ್ಕೆ ಬರುತ್ತೆ. ವಯಸ್ಸನ್ನು ಊರು ನೋಡಿ ಕೇಳಬೇಕು.

"ನೀರು ಹಾಕಬಾರದು, ರಾ ಕುಡಿದೋನೇ ಗಂಡಸು" ಅಂತ ಯಾವನಾದ್ರೂ ಹೇಳಿದ್ರೆ ನಿಮ್ಮ ಮಾವನ ಹೆಸರು ಹೇಳು. ವಿಸ್ಕಿ ಬೆರೆಸೋದನ್ನೇ ಕಸುಬು ಮಾಡಿಕೊಂಡ ಬ್ಲೆಂಡರುಗಳು ಮೂಗಿಗೆ ಹಿಡಿಯೋ ಮೊದಲು ನೀರು ಹಾಕಿ 20 ಪರ್ಸೆಂಟಿನ ಹತ್ತಿರಕ್ಕೆ ಇಳಿಸ್ತಾರೆ. ಖಾರ ಹೆಚ್ಚಿದ್ರೆ ಮೂಗು ಮರಗಟ್ಟುತ್ತೆ, ವಾಸನೆ ತಿಳಿಯಲ್ಲ. 2017ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದೂ ಇದನ್ನೇ: ನೀರು ಬಿದ್ದಾಗ ಹೊಗೆಯ ಘಮ ಕೊಡೋ ಅಣುಗಳು ಮೇಲ್ಪದರಕ್ಕೆ ಏಳ್ತವೆ. ಗಂಡಸ್ತನಕ್ಕೂ ಗಂಟಲು ಸುಟ್ಟುಕೊಳ್ಳೋದಕ್ಕೂ ಸಂಬಂಧ ಇಲ್ಲ.

ಬಲ್ಲೋರ ನಾಲಿಗೆಯ ಬಗ್ಗೆ ಇನ್ನೊಂದು ಸಂಗತಿ. ಫ್ರಾನ್ಸಿನ ಬೋರ್ಡೋ ವಿಶ್ವವಿದ್ಯಾಲಯದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಮೊದಲು ಬಿಳಿ ವೈನಿಗೆ ಹೇಳಿದ ಮಾತು ಮರೆತು, ಕೆಂಪು ವೈನಿಗೆ ಹೇಳೋ ವರ್ಣನೆಯನ್ನೇ ಹೇಳಿದರು. 2001ರಲ್ಲಿ ಪ್ರಕಟವಾದ ಈ ಪರೀಕ್ಷೆಯನ್ನು ಹಿಡಿದು ಅವರನ್ನು ಹಂಗಿಸೋಕೆ ಹೋಗಬೇಡ. ನಾಲಿಗೆಗಿಂತ ಮೊದಲು ಕಣ್ಣು ಕುಡಿಯುತ್ತೆ, ಯಾರಿಗಾದ್ರೂ. ಹಾಗಂತ ರುಚಿಯೇ ಸುಳ್ಳು ಅಲ್ಲ. ಒಳ್ಳೆ ಮಾಲ್ಟಿಗೂ ಅಗ್ಗದ ಕ್ವಾರ್ಟರಿಗೂ ವ್ಯತ್ಯಾಸ ಇದ್ದೇ ಇದೆ, ಅದನ್ನು ಮಾಡೋರ ಶ್ರಮ ನಾನು ಕಣ್ಣಾರೆ ನೋಡಿದೋನು. ನಿನಗೆ ಆ ವ್ಯತ್ಯಾಸ ತಿಳಿಯುತ್ತಾ ಅಂತ ನೋಡಬೇಕಾದ್ರೆ ಗೆಳೆಯನ ಕೈಲಿ ಮೂರು ಬೇರೆ ಬೇರೆ ವಿಸ್ಕಿಯನ್ನು ಒಂದೇ ಥರದ ಮೂರು ಲೋಟಕ್ಕೆ ಹಾಕಿಸು, ಯಾವುದು ಯಾವುದು ಅಂತ ಅವನು ಬಚ್ಚಿಟ್ಟುಕೊಳ್ಳಲಿ. ಒಂದೊಂದು ಗುಟುಕು ಸಾಕು. ನಿನಗೆ ಹಿಡಿಸಿದ್ದು ಕಡಿಮೆ ಬೆಲೆಯದಾದ್ರೆ ಅದೃಷ್ಟವಂತ ಅಂದುಕೊ. ಆ ಐಲಾ ಬಾಟಲಿಯನ್ನು ಅದರ ಬೆಲೆ ತಿಳಿದೋನಿಗಲ್ಲ, ರುಚಿ ತಿಳಿದೋನಿಗೆ ಕೊಡು.

ಇವತ್ತಿನ ದೊಡ್ಡಸ್ತಿಕೆ ನಾಳೆಗೆ ಇರಲ್ಲ. ಈಗ ಬೆಂಗಳೂರಿನ ಹುಡುಗಿಯರು ಸೌತೆಕಾಯಿ ತುಂಡು ಹಾಕಿ ಕುಡಿಯೋ ಜಿನ್ನು ಹಿಂದೆ ಲಂಡನ್ನಿನ ಕೊಳೆಗೇರಿಯ ಶಾಪ ಅನ್ನಿಸಿಕೊಂಡಿತ್ತು. ಅದನ್ನು ಹದ್ದುಬಸ್ತಿಗೆ ತರೋಕೆ 1751ರಲ್ಲಿ ಕಾನೂನೇ ಮಾಡಿದರು. ಗೋವಾದ ಫೆನಿಯನ್ನು ವಾಸನೆಗೆ ಹೆದರಿ ದೂರ ಇಟ್ಟಿದ್ದ ಹೋಟೆಲುಗಳೇ, 2009ರಲ್ಲಿ ಅದಕ್ಕೆ ಜಿಐ ಮುದ್ರೆ ಬಿದ್ದ ಮೇಲೆ, ಕಾಕ್‌ಟೇಲ್ ಪಟ್ಟಿಗೆ ಸೇರಿಸಿಕೊಂಡವು. ಕಾರವಾರದೋರಿಗೆ ಮುದ್ರೆ ಬೇಕಿರಲಿಲ್ಲ, ಗೇರುಹಣ್ಣಿನ ಕಾಲಕ್ಕೆ ಫೆನಿಯ ತಮ್ಮ ಉರಾಕ್ ಎಲ್ಲಿ ಸಿಗುತ್ತೆ ಅಂತ ಅವರಿಗೆ ಯಾವತ್ತೂ ಗೊತ್ತು. 1954ರಿಂದ ಜಾಹೀರಾತಿನ ಅಬ್ಬರ ಇಲ್ಲದೆ ಬಂದ ಓಲ್ಡ್ ಮಾಂಕ್ ಕೂಡ ಈಗ ಒಂದು ಜಂಬವಾಗಿದೆ. "ನಾನು ಮಾಂಕ್ ಬಿಟ್ಟು ಬೇರೆ ಮುಟ್ಟಲ್ಲ" ಅಂತ ಎದೆ ತಟ್ಟಿಕೊಂಡು, ವೈನ್ ಕುಡಿಯೋನನ್ನು ಆಡಿಕೊಳ್ಳೋದೂ ಅದೇ ರೋಗ, ಉಲ್ಟಾ ಹಿಡಿದದ್ದು.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತ ಗಾದೆ ಇದೆಯಲ್ಲ, ಕುಡಿತಕ್ಕೆ ಅರ್ಧ ಮಾತ್ರ ಹೊಂದುತ್ತೆ. ಏನು ಅನ್ನೋದು ನಿನ್ನಿಚ್ಛೆ, ಎಷ್ಟು ಅನ್ನೋದಕ್ಕೆ ಲೆಕ್ಕ ಇದೆ. "ಬಿಯರ್ ತಾನೇ" ಅಂತ ಹಗುರ ಮಾಡ್ತೀರಲ್ಲ, 8 ಪರ್ಸೆಂಟಿನ ಸ್ಟ್ರಾಂಗ್ ಬಿಯರಿನ 650 ಮಿಲಿ ಬಾಟಲಿಯಲ್ಲಿ 52 ಮಿಲಿ ಶುದ್ಧ ಆಲ್ಕೋಹಾಲು ಇರುತ್ತೆ. 30 ಮಿಲಿ ವಿಸ್ಕಿ ಪೆಗ್ಗಿನಲ್ಲಿ 13 ಮಿಲಿಯ ಹತ್ತಿರ. ಅಂದ್ರೆ ಒಂದು ಬಾಟಲಿ ಬಿಯರು ನಾಲ್ಕು ಸ್ಮಾಲ್ ಪೆಗ್ಗು. ಲಿವರು ಲೇಬಲ್ ಓದಲ್ಲ, ಬಿಲ್ಲೂ ನೋಡಲ್ಲ. ಅದಕ್ಕೆ ತೂಕ ಮಾತ್ರ ಗೊತ್ತು. ಮರ್ಯಾದೆಗೋಸ್ಕರ ಇನ್ನೊಂದು ಲಾರ್ಜ್ ಹೇಳಿ ಹಾಳಾದೋರನ್ನು ನಾನು ಕಂಡಿದ್ದೀನಿ. ಅವರು ದುಬಾರಿಯದನ್ನೇ ಕುಡೀತಿದ್ದರು.

ನಿನ್ನ ಪಾರ್ಟಿಯಲ್ಲಿ ಲೈಮ್ ಸೋಡಾ ಹಿಡಿದು ಕೂತಿರೋನನ್ನು ಯಾಕೆ ಅಂತ ಕೇಳಬೇಡ. ಮಾತ್ರೆ ತಗೋತಿರಬಹುದು, ಅವನ ಮನೆಯಲ್ಲಿ ಕುಡಿದು ಸತ್ತೋರಿರಬಹುದು, ಸುಮ್ಮನೆ ಸೇರದೇ ಇರಬಹುದು. ಜೊತೆಯಲ್ಲಿ ಕೆಲಸ ಮಾಡೋ ಹುಡುಗಿ ರಮ್ ಹೇಳಿದ್ರೆ ಹುಬ್ಬೇರಿಸಬೇಡ, ವೈನ್ ತಗೊಳ್ಳಮ್ಮಾ ಅಂತ ಉಪದೇಶ ಬೇಡವೇ ಬೇಡ. ನಮ್ಮ ಕಡೆ ಬಾಣಂತಿಗೆ ಚಮಚದಲ್ಲಿ ಬ್ರಾಂದಿ ಕುಡಿಸಿದ ಅಜ್ಜಿಯರೇ ಅದನ್ನು ಲೋಟದಲ್ಲಿ ಕುಡಿದೋಳನ್ನು ಊರೆಲ್ಲ ಆಡಿಕೊಂಡರು. ಆ ಕಾಲ ಸಾಕು. ನಿನ್ನ ರಮ್ಮಿಗೆ ಕೋಕ್ ಹಾಕೋವಾಗ ಯಾರಾದ್ರೂ ನಕ್ಕರೆ, "ನಂಗೆ ಹಿಂಗೇ ಇಷ್ಟ" ಅನ್ನು, ಕಾಕಂಬಿ ಪುರಾಣ ಬಿಚ್ಚಬೇಡ. ಅದು ಬಿಚ್ಚಿದ್ರೆ ನೀನೂ ಅವರ ಸಾಲಿಗೆ ಸೇರಿದೆ ಅಂತಲೇ ಅರ್ಥ. ಆ ಕೊಚ್ಚಿಕೊಳ್ಳೋ ಹಕ್ಕು ಪಿಂಚಣಿ ತಗೊಳ್ಳೋ ನನಗಿರಲಿ.

ಯುಗಾದಿಗೆ ರಜೆ ಹಾಕು, ವರ್ಷತೊಡಕು ಮುಗಿಸಿಕೊಂಡೇ ಹೋಗುವಂತೆ. ನನಗೆ ಅಂತ ಏನೂ ದೊಡ್ಡದು ತರಬೇಡ. ಬ್ರಾಂದಿ ಒಂದು ಕ್ವಾರ್ಟರ್ ಸಾಕು, ನಾನು ಬಿಸಿನೀರಿಗೆ ಹಾಕಿಕೊಳ್ಳೋದು, ಅದೂ ನಿಮ್ಮತ್ತೆ ಅಳತೆ ಮಾಡಿ ಕೊಟ್ಟಷ್ಟು. ಕೋಕ್ ನೀನೇ ತಗೊಂಡು ಬಾ, ಇಲ್ಲಿನ ಅಂಗಡಿಯಲ್ಲಿ ತಣ್ಣಗಿರಲ್ಲ. ರಾತ್ರಿಯೇ ಬಂದುಬಿಡು. ಬೆಳಗಿನ ಜಾವ ಐದಕ್ಕೆ ಮಟನ್ ಅಂಗಡಿ ಕ್ಯೂನಲ್ಲಿ ನಿಲ್ಲೋಕೆ ನನ್ನ ಮಂಡಿ ಈ ಸಲ ಒಪ್ಪಲ್ಲ.